ಮೊದಲ ಸಲ ಕೌನ್ಸೆಲಿಂಗ್‌ಗೆ ಹೋಗುವಾಗ ಏನು ಹೇಳಬೇಕು, ಏನು ಕೇಳಬೇಕು?

ಪ್ರಶ್ನೆ: ನನಗೆ 33 ವರ್ಷ. ಊರು ಹಾಸನದ ಕಡೆ, ಈಗ ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮದುವೆಯಾಗಿದೆ, ಒಬ್ಬ ಮಗ ಇದ್ದಾನೆ. ಕೆಲವು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಕೌಂಟರಿನಲ್ಲಿ ಕೂತಿರುವಾಗ ಸುಮ್ಸುಮ್ನೆ ಕಣ್ಣು ತುಂಬುತ್ತದೆ. ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಹೋದ ವರ್ಷ ಅಮ್ಮ ತೀರಿಕೊಂಡರು, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಗೆಳತಿಯ ಒತ್ತಾಯಕ್ಕೆ ಒಂದು ಕೌನ್ಸೆಲಿಂಗ್ ಸೆಂಟರಿನಲ್ಲಿ ಬರುವ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಅವರು ಇಂಗ್ಲಿಷಿನಲ್ಲಿ ನಾಲ್ಕು ಪುಟದ ಫಾರ್ಮ್ ಕಳಿಸಿದ್ದಾರೆ. ಅದನ್ನು ನೋಡಿಯೇ ಭಯವಾಯಿತು. ಗಂಡನಿಗೂ ಅತ್ತೆಗೂ ಹೇಳಿಲ್ಲ. ಅಲ್ಲಿ ಹೋಗಿ ಏನು ಮಾತಾಡಬೇಕು? ಅತ್ತುಬಿಟ್ಟರೆ? ಬ್ಯಾಂಕಿನವರಿಗೆ ಗೊತ್ತಾಗುತ್ತದಾ? ಹುಚ್ಚು ಅಂತ ಎಲ್ಲಾದರೂ ಬರೆದುಬಿಡುತ್ತಾರಾ? ಮಾತ್ರೆ ಶುರು ಮಾಡಿಬಿಡುತ್ತಾರಾ? ಹೋಗುವುದೇ ಬೇಡ ಅಂತಲೂ ಅನ್ನಿಸುತ್ತಿದೆ.
ಹೆಸರು ಬೇಡ, ಮೈಸೂರು

ಉತ್ತರ: ಹೋಗಿ. ನಿಮ್ಮ ಪತ್ರ ಓದಿದ ಮೇಲೆ ನನ್ನ ಮೊದಲ ಮಾತು ಇದೇ. ನಿದ್ದೆ ಕೆಡುವುದು, ಕಾರಣ ಗೊತ್ತಿಲ್ಲದೆ ಅಳು ಬರುವುದು, ಜನರ ಸಹವಾಸವೇ ಬೇಡವಾಗುವುದು, ಇವೆಲ್ಲ ತಿಂಗಳುಗಟ್ಟಲೆ ಹಾಗೇ ಇದ್ದರೆ ತಿಳಿದವರ ಹತ್ತಿರ ಹೋಗಿ ಮಾತಾಡಬೇಕು. 'ಅಲ್ಲಿಗೆಲ್ಲ ಹೋಗುವಷ್ಟು ನನಗೇನಾಗಿದೆ?' ಎಂಬ ಪ್ರಶ್ನೆ ಇಟ್ಟುಕೊಂಡೇ ತುಂಬ ಜನ ವರ್ಷಗಟ್ಟಲೆ ತಳ್ಳಿಬಿಡುತ್ತಾರೆ. ನಿಮಗೆ ಕಷ್ಟವಾಗುತ್ತಿದೆ, ಹೋಗಲು ಅಷ್ಟೇ ಸಾಕು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಹತ್ತು ಜನಕ್ಕೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ತೊಂದರೆ ಇದ್ದವರಲ್ಲಿ ಹೆಚ್ಚಿನವರು ಯಾವ ಚಿಕಿತ್ಸೆಯನ್ನೂ ತೆಗೆದುಕೊಂಡಿರಲಿಲ್ಲ. ನಿಮ್ಮ ಬ್ಯಾಂಕಿನ ಸರತಿಯಲ್ಲಿ ನಿಂತವರಲ್ಲೂ ಅಂಥವರು ಇದ್ದೇ ಇರುತ್ತಾರೆ.

ಇನ್ನೊಂದು ಮಾತು. ಶನಿವಾರ ನೀವು ಪರೀಕ್ಷೆ ಬರೆಯಲು ಹೋಗುತ್ತಿಲ್ಲ. ಮೊದಲ ಮೂರ್ನಾಲ್ಕು ಭೇಟಿ ಇರುವುದು, ನಿಮ್ಮ ತೊಂದರೆ ಏನು, ಇವರಿಂದ ಅದಕ್ಕೆ ಸಹಾಯ ಆಗುತ್ತದಾ ಅಂತ ಇಬ್ಬರೂ ಸೇರಿ ನೋಡಿಕೊಳ್ಳಲಿಕ್ಕೆ. ಅವರು ನಿಮ್ಮನ್ನು ಕೇಳಿದಷ್ಟೇ ಧಾರಾಳವಾಗಿ ನೀವೂ ಅವರನ್ನು ಕೇಳಬಹುದು. ಡಾಕ್ಟರ ಎದುರು ಪ್ರಶ್ನೆ ಕೇಳುವುದು ಅಧಿಕಪ್ರಸಂಗ ಅಂತ ನಮ್ಮಲ್ಲಿ ಬಹಳ ಜನ ಬೆಳೆದಿದ್ದೇವೆ. ಆ ಸಂಕೋಚ ಇಲ್ಲಿ ಬೇಡ. ನನ್ನ ಅನುಭವದಲ್ಲಿ ಮೊದಲ ದಿನವೇ ನಾಲ್ಕು ಪ್ರಶ್ನೆ ಕೇಳಿದವರು ಅರ್ಧಕ್ಕೆ ಬಿಟ್ಟು ಹೋಗುವುದು ಕಡಿಮೆ.

ಈಗ ಆ ಫಾರ್ಮ್. ನಾಲ್ಕು ಪುಟ ಅಂದರೆ ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ. ಮೊದಲನೆಯದು ಹೆಸರು, ವಯಸ್ಸು, ಫೋನ್ ನಂಬರು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಹಿಂದಿನ ಕಾಯಿಲೆ. ಇಲ್ಲಿ ತುರ್ತು ಸಂದರ್ಭಕ್ಕೆ ಒಬ್ಬರ ನಂಬರು ಕೇಳುತ್ತಾರೆ. ಅದು ಗಂಡನದೇ ಆಗಬೇಕಾಗಿಲ್ಲ. ನಿಮ್ಮನ್ನು ಒತ್ತಾಯ ಮಾಡಿದ ಗೆಳತಿಯನ್ನು ಕೇಳಿ ಅವರ ನಂಬರು ಕೊಡಿ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಆ ನಂಬರಿಗೆ ಫೋನ್ ಮಾಡಬೇಕು. ಯಾವ್ಯಾವ ಸಂದರ್ಭದಲ್ಲಿ ಮಾಡುತ್ತೀರಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಎರಡನೆಯ ಭಾಗ ಒಪ್ಪಿಗೆ ಪತ್ರ. ಫೀಸು, ಬರದೇ ಹೋದರೆ ಏನು, ಗುಟ್ಟು ಕಾಪಾಡುವ ನಿಯಮ ಎಲ್ಲ ಅದರಲ್ಲಿ ಇರುತ್ತದೆ. ಓದದೇ ಸಹಿ ಹಾಕಬೇಡಿ. ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋಗಿ, 'ಇದು ಏನು ಅಂತ ಕನ್ನಡದಲ್ಲಿ ಹೇಳಿ' ಅನ್ನಿ. ಹೇಳುವುದು ಅವರ ಕೆಲಸ. ಕನ್ನಡದ ಫಾರ್ಮ್ ಇದೆಯಾ ಅಂತಲೂ ಫೋನಿನಲ್ಲೇ ಕೇಳಿ ನೋಡಿ. ಕೆಲವು ಕಡೆ ಇರುತ್ತದೆ, ಕೇಳದಿದ್ದರೆ ಕೊಡುವುದಿಲ್ಲ ಅಷ್ಟೇ.

ಮೂರನೆಯದು ಒಂದು ಪ್ರಶ್ನೆಪಟ್ಟಿ ಇರಬಹುದು. ಬಹಳ ಕಡೆ ಬಳಸುವುದು ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆಗಳ ಒಂದು ಪುಟ. ಇದರ ಕನ್ನಡ ರೂಪವೂ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋಯಿತಾ, ನಿದ್ದೆ ಹೇಗಿತ್ತು, ಊಟ ಸೇರಿತಾ, ಸುಸ್ತು ಇತ್ತಾ, ತನ್ನ ಬಗ್ಗೆಯೇ ಬೇಸರ ಬಂತಾ, ಹೀಗೆ ಕೇಳುತ್ತಾ ಹೋಗುತ್ತದೆ. ಇಲ್ಲವೇ ಇಲ್ಲ ಅಂದರೆ ಸೊನ್ನೆ, ಕೆಲವು ದಿನ ಅಂದರೆ ಒಂದು, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ ಎರಡು, ಹೆಚ್ಚುಕಡಿಮೆ ದಿನಾ ಅಂದರೆ ಮೂರು. ಎಲ್ಲ ಕೂಡಿಸಿದರೆ ಗರಿಷ್ಠ 27. ಹತ್ತು ಅಥವಾ ಅದಕ್ಕಿಂತ ಮೇಲೆ ಬಂದರೆ ನಾವು ಸ್ವಲ್ಪ ಹೆಚ್ಚು ಗಮನ ಕೊಟ್ಟು ವಿಚಾರಿಸುತ್ತೇವೆ. ಅಂಕ ನೋಡಿದ ಮಾತ್ರಕ್ಕೆ ಇಂಥದೇ ಕಾಯಿಲೆ ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ಇದರ ನಿಜವಾದ ಉಪಯೋಗ ಆಮೇಲೆ. ಆರೆಂಟು ವಾರ ಬಿಟ್ಟು ಅದೇ ಪುಟ ಮತ್ತೆ ತುಂಬಿಸಿದಾಗ ಮೊದಲಿಗೂ ಈಗಿಗೂ ಏನು ವ್ಯತ್ಯಾಸ ಅಂತ ಕಣ್ಣಿಗೆ ಕಾಣುತ್ತದೆ.

ತುಂಬುವಾಗ ಜನ ಮಾಡುವ ಒಂದು ಕೆಲಸ ಹೇಳುತ್ತೇನೆ. ನಿನ್ನೆ ಸ್ವಲ್ಪ ಚೆನ್ನಾಗಿತ್ತು ಅಂತ ಎಲ್ಲದಕ್ಕೂ ಒಂದೊಂದು ಹಾಕಿಬಿಡುತ್ತಾರೆ. ಹೆಂಗಸರು ಇನ್ನೂ ಜಾಸ್ತಿ. ಅಡಿಗೆ ಆಗಿದೆ, ಮಗು ಶಾಲೆಗೆ ಹೋಗಿದೆ, ಕೆಲಸಕ್ಕೂ ಹೋಗಿದ್ದೀನಿ, ಹಾಗಾದರೆ ನನಗೇನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಕೆಲಸ ಆಗಿದೆಯಾ ಅಂತ ಆ ಪುಟ ಕೇಳುತ್ತಿಲ್ಲ. ಹದಿನಾಲ್ಕು ರಾತ್ರಿಯಲ್ಲಿ ಎಷ್ಟು ರಾತ್ರಿ ಎಚ್ಚರವಿದ್ದಿರಿ ಅಂತ ಎಣಿಸಿ ಬರೆಯಿರಿ.

ಒಂಬತ್ತನೆಯ ಪ್ರಶ್ನೆ ಸಾವಿನ ಬಗ್ಗೆ. ಸತ್ತುಹೋದರೆ ಚೆನ್ನಾಗಿತ್ತು ಅಥವಾ ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿತ್ತಾ ಅಂತ ಕೇಳುತ್ತದೆ. ಅದನ್ನು ಓದಿ ಗಾಬರಿ ಬೀಳಬೇಡಿ. ಎಲ್ಲರನ್ನೂ ಕೇಳುತ್ತೇವೆ. ಹೀಗೆ ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ತಲೆಗೆ ಬಂದುಬಿಡುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಅಂಥ ಯೋಚನೆ ಒಂದು ಸಲ ಬಂದುಹೋಗಿದ್ದರೂ ಹೌದು ಅಂತಲೇ ಬರೆಯಿರಿ. ಕೌನ್ಸೆಲರ್ ಅದರ ಬಗ್ಗೆ ಬಿಡಿಸಿ ಕೇಳುತ್ತಾರೆ, ಬೈಯುವುದಿಲ್ಲ. ಶನಿವಾರಕ್ಕಿಂತ ಮೊದಲೇ ಆ ಯೋಚನೆ ಜೋರಾದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೂ ಫೋನ್ ಎತ್ತುತ್ತಾರೆ ಅನ್ನುವುದು ನಿಮಗೆ ಗೊತ್ತಿರಲಿ. ಅಪಾಯ ಕೈಮೀರುತ್ತಿದೆ ಅನ್ನಿಸಿದರೆ ಗಂಡನನ್ನೋ ಗೆಳತಿಯನ್ನೋ ಎಬ್ಬಿಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಫಾರ್ಮಿನಲ್ಲಿ 'ಇತ್ತೀಚೆಗೆ ನಡೆದ ದೊಡ್ಡ ಘಟನೆಗಳು' ಎಂಬ ಜಾಗ ಇದ್ದರೆ ಅಲ್ಲಿ ಅಮ್ಮನ ವಿಷಯ ಒಂದು ಸಾಲು ಬರೆಯಿರಿ. ಸಂಬಂಧ ಇಲ್ಲ ಅಂತ ನೀವು ಹೇಳಿದ್ದೀರಿ. ಇರಲಿಕ್ಕಿಲ್ಲ. ನಿಮ್ಮನ್ನು ನೋಡದೆ ನಾನು ಅದನ್ನು ತೀರ್ಮಾನ ಮಾಡುವಂತೆಯೂ ಇಲ್ಲ. ಆದರೆ ನಾಲ್ಕೇ ಸಾಲಿನ ಪತ್ರದಲ್ಲಿ ನೀವೇ ಅವರ ಮಾತು ತಂದಿದ್ದೀರಿ. 'ಅಮ್ಮ ಹೋದ ವರ್ಷ ಇಂಥ ತಿಂಗಳು ತೀರಿಕೊಂಡರು' ಅಂತ ಮಾತ್ರ ಬರೆದು ಬಿಡಿ. ಕೊನೆಗಾಲದಲ್ಲಿ ಆರೈಕೆ ಯಾರು ಮಾಡಿದರು, ನಿಮಗೆ ರಜೆ ಸಿಕ್ಕಿತಾ, ತಿಥಿ ಮುಗಿಸಿ ಎಷ್ಟು ದಿನಕ್ಕೆ ಕೌಂಟರಿಗೆ ವಾಪಸ್ ಬಂದಿರಿ, ಇದೆಲ್ಲ ಮಾತಾಡುವ ಹೊತ್ತು ಬಂದಾಗ ಮಾತಾಡಬಹುದು. ವರ್ಷದ ತಿಥಿ ಹತ್ತಿರ ಬಂದಾಗ ನಿದ್ದೆ ಕೆಡುವವರನ್ನು ನಾನು ನೋಡಿದ್ದೇನೆ. ಆ ದಿನಾಂಕವೂ ಕೌನ್ಸೆಲರಿಗೆ ಗೊತ್ತಿದ್ದರೆ ಒಳ್ಳೆಯದು.

ಉಳಿದ ಜಾಗ ಖಾಲಿ ಬಿಟ್ಟರೂ ಯಾರೂ ವಾಪಸ್ ಕಳಿಸುವುದಿಲ್ಲ. ಬಾಲ್ಯದ ಬಗ್ಗೆ, ದಾಂಪತ್ಯದ ಬಗ್ಗೆ, ಹಿಂದೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದರ ಬಗ್ಗೆ ಪ್ರಶ್ನೆ ಇದ್ದು, ಬರೆಯಲು ಮನಸ್ಸಿಲ್ಲದಿದ್ದರೆ 'ಆಮೇಲೆ ಮಾತಾಡುತ್ತೇನೆ' ಅಂತ ಬರೆಯಿರಿ. ಅಪರಿಚಿತರಿಗೆ ಕಾಗದದ ಮೇಲೆ ಎಲ್ಲ ಹೇಳಲು ಮನಸ್ಸು ಬರದಿರುವುದು ಆರೋಗ್ಯದ ಲಕ್ಷಣವೇ.

ಮೊದಲ ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಸೋಫಾ ಮೇಲೆ ಮಲಗಿಸುವುದಿಲ್ಲ. ಎರಡು ಕುರ್ಚಿ ಇರುತ್ತದೆ, ನಡುವೆ ಟಿಶ್ಯೂ ಡಬ್ಬಿ ಇರುತ್ತದೆ. ಆ ಡಬ್ಬಿಯನ್ನು ಅಲ್ಲಿ ಇಟ್ಟಿರುವುದೇ ಬಂದವರಲ್ಲಿ ಬಹಳ ಜನ ಅಳುತ್ತಾರೆ ಅಂತ. ನೀವು ಅತ್ತರೆ ಕೌನ್ಸೆಲರಿಗೆ ಕಸಿವಿಸಿ ಆಗುವುದಿಲ್ಲ. 'ಅಳಬೇಡಿ' ಅಂತಲೂ ಹೇಳುವುದಿಲ್ಲ. ಸುಮ್ಮನೆ ಕಾಯುತ್ತಾರೆ. ಪೂರ್ತಿ ಗಂಟೆ ಅಳುವುದರಲ್ಲೇ ಹೋದರೂ ಆ ಭೇಟಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಅಳು ಬಾರದೆ ಕಲ್ಲಿನ ಹಾಗೆ ಕೂತು ಬರುವವರೂ ಇದ್ದಾರೆ, ಅದಕ್ಕೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಏನು ಮಾತಾಡಬೇಕು ಅಂತ ಕೇಳಿದ್ದೀರಿ. ಎಲ್ಲಿಂದ ಶುರು ಮಾಡಲಿ ಅಂತ ತಡಕಾಡುವವರಿಗೆ ನಾನು 'ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಳಿ' ಅನ್ನುತ್ತೇನೆ. ಎಷ್ಟು ಗಂಟೆಗೆ ಎಚ್ಚರವಾಯಿತು, ಎದ್ದ ಕೂಡಲೇ ಏನು ಯೋಚನೆ ಬಂತು, ತಿಂಡಿ ತಿಂದಿರಾ, ಬಸ್ಸಿನಲ್ಲಿ ಯಾರ ಜೊತೆಗಾದರೂ ಮಾತಾಡಿದಿರಾ, ಕೌಂಟರಿನಲ್ಲಿ ಕಣ್ಣು ತುಂಬಿದಾಗ ಎದುರಿಗೆ ಯಾರಿದ್ದರು. ಒಂದು ದಿನದ ಈ ಲೆಕ್ಕದಲ್ಲೇ ತೊಂದರೆಯ ಬಹುಪಾಲು ಬಂದುಬಿಡುತ್ತದೆ. ಇಡೀ ಜೀವನದ ಕಥೆಯನ್ನು ಸಾಲಾಗಿ ಜೋಡಿಸಿಕೊಂಡು ಹೋಗುವ ಅಗತ್ಯವಿಲ್ಲ. ಮರೆತುಹೋಗುತ್ತದೆ ಅಂತ ಭಯವಿದ್ದರೆ ಮೊಬೈಲಿನಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ, ಬಾಯಿ ಕಟ್ಟಿದಾಗ ಅದನ್ನೇ ಓದಿ. ಫೋನನ್ನು ಅವರ ಕೈಗೇ ಕೊಟ್ಟು ಓದಿಸಿದವರೂ ಇದ್ದಾರೆ.

ಕನ್ನಡದಲ್ಲೇ ಮಾತಾಡಿ. ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾತಾಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಓದಿದವರು ಕೌನ್ಸೆಲಿಂಗ್ ಕೋಣೆಗೆ ಬಂದ ಕೂಡಲೇ ಡಿಪ್ರೆಶನ್, ಆಂಕ್ಸೈಟಿ, ಟ್ರಾಮಾ ಅಂತ ದೊಡ್ಡ ಹೆಸರುಗಳನ್ನು ಮುಂದಿಡುತ್ತಾರೆ. ಅದರಿಂದ ನಮಗೆ ತಿಳಿಯುವುದು ಕಡಿಮೆ. 'ಎದೆ ಮೇಲೆ ಏನೋ ಕೂತ ಹಾಗೆ', 'ಹೊಟ್ಟೆಯಲ್ಲಿ ಸಂಕಟ', 'ಜೀವ ಝಲ್ ಅನ್ನುತ್ತೆ', 'ಮಗನ ಮೇಲೆ ರೇಗಿ ಆಮೇಲೆ ಬಾತ್‌ರೂಮಿನಲ್ಲಿ ಅಳ್ತೀನಿ' ಅಂದಾಗ ಎಷ್ಟೋ ತಿಳಿಯುತ್ತದೆ. ಸೆಂಟರಿನಲ್ಲಿ ಕನ್ನಡ ಚೆನ್ನಾಗಿ ಬರುವ ಕೌನ್ಸೆಲರೇ ಬೇಕು ಅಂತ ಫೋನಿನಲ್ಲಿ ಕೇಳಿ. ಹೆಣ್ಣುಮಕ್ಕಳೇ ಬೇಕು ಅನ್ನಿಸಿದರೆ ಅದನ್ನೂ ಹೇಳಿ.

ಈಗ ಗುಟ್ಟಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರು ರೋಗಿಯ ಮಾಹಿತಿಯನ್ನು ಗೋಪ್ಯವಾಗಿ ಇಡಬೇಕು. ಕೌನ್ಸೆಲರುಗಳ ವೃತ್ತಿ ನಿಯಮವೂ ಅದೇ. ನಿಮ್ಮ ಗಂಡ ಫೋನ್ ಮಾಡಿ 'ನನ್ನ ಹೆಂಡತಿ ಅಲ್ಲಿಗೆ ಬರುತ್ತಾಳಾ?' ಅಂತ ಕೇಳಿದರೂ, ಬರುತ್ತಾರೆ ಅಂತಲೂ ಇಲ್ಲ ಅಂತಲೂ ಹೇಳಬಾರದು. ದೇವರಾಜ ಮಾರುಕಟ್ಟೆಯಲ್ಲಿ ಎದುರು ಸಿಕ್ಕರೆ ನೀವಾಗಿ ಮಾತಾಡಿಸುವ ತನಕ ಒಳ್ಳೆಯ ಕೌನ್ಸೆಲರ್ ನಿಮ್ಮನ್ನು ಗುರುತು ಹಿಡಿದ ಹಾಗೆ ತೋರಿಸಿಕೊಳ್ಳುವುದಿಲ್ಲ. ಅದನ್ನು ಅಹಂಕಾರ ಅಂದುಕೊಳ್ಳಬೇಡಿ.

ಈ ಗುಟ್ಟಿಗೆ ಮಿತಿ ಇದೆ, ಅದನ್ನು ಮೊದಲ ದಿನವೇ ಅವರು ಹೇಳಬೇಕು. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಸುಮ್ಮನೆ ಇರುವಂತಿಲ್ಲ. ಕೋರ್ಟು ಆದೇಶ ಮಾಡಿದರೆ ಕೊಡಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇನ್ನು, ಕೌನ್ಸೆಲರ್ ತಮ್ಮ ಹಿರಿಯರ ಹತ್ತಿರ ಕೇಸಿನ ಬಗ್ಗೆ ಸಲಹೆ ಕೇಳುವುದುಂಟು. ಆಗ ನಿಮ್ಮ ಹೆಸರು, ಗುರುತು ಹೇಳುವುದಿಲ್ಲ. ಮಿತಿಗಳ ಬಗ್ಗೆ ಒಂದು ಮಾತೂ ಆಡದೆ 'ಎಲ್ಲ ಗುಟ್ಟಾಗಿರುತ್ತೆ, ಚಿಂತೆ ಬಿಡಿ' ಅನ್ನುವವರ ಹತ್ತಿರ ನಾನಾಗಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ.

ಬ್ಯಾಂಕಿಗೆ ಗೊತ್ತಾಗುವುದು ನೀವು ತಿಳಿಸಿದರೆ ಮಾತ್ರ. ಮೆಡಿಕಲ್ ಬಿಲ್ ಕ್ಲೈಮ್ ಹಾಕಿದರೆ ಆ ಬಿಲ್ಲು ಆಫೀಸಿನವರ ಕೈಗೆ ಹೋಗುತ್ತದೆ, ಅಷ್ಟು ನೆನಪಿಡಿ. ನಿಜ ಹೇಳಬೇಕೆಂದರೆ, ನನ್ನ ಹತ್ತಿರ ಬಂದವರ ಗುಟ್ಟು ಮನೆಯಲ್ಲಿ ಹೊರಬೀಳುವುದು ಕೌನ್ಸೆಲರಿಂದಲ್ಲ, ಮೊಬೈಲಿನಿಂದ. ಜಂಟಿ ಖಾತೆಯಿಂದ ಯುಪಿಐ ಮಾಡಿದರೆ ಸೆಂಟರಿನ ಹೆಸರು ಗಂಡನ ಫೋನಿಗೆ ಹೋಗುತ್ತದೆ. ಹಿಂದಿನ ದಿನ ಬರುವ 'ನಾಳೆ 11 ಗಂಟೆಗೆ ನಿಮ್ಮ ಸೆಷನ್' ಎಂಬ ವಾಟ್ಸಾಪ್ ಮೆಸೇಜನ್ನು ಮಗ ಗೇಮ್ ಆಡುತ್ತಾ ಓದಿಬಿಡುತ್ತಾನೆ. ಬ್ಯಾಂಕಿನವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮದೇ ಖಾತೆಯಿಂದ ಕಟ್ಟಿ ಇಲ್ಲವೇ ನಗದು ಕೊಡಿ. ಮೆಸೇಜು ಬೇಡ ಅಂತ ಸೆಂಟರಿಗೆ ಹೇಳಿ.

ಹುಚ್ಚು ಅಂತ ಬರೆಯುತ್ತಾರಾ ಅಂದಿರಿ. ಇಲ್ಲ. ಅವರು ಬರೆದುಕೊಳ್ಳುವುದು ನೀವು ಹೇಳಿದ್ದರ ಟಿಪ್ಪಣಿ. ಅದು ಯಾವ ಸರ್ಕಾರಿ ಪಟ್ಟಿಗೂ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂತ ವೈದ್ಯರು ಗುರುತಿಸಿದ ಮಾತ್ರಕ್ಕೆ ಅವರು ಬುದ್ಧಿಸ್ಥಿಮಿತ ಇಲ್ಲದವರು ಅಂತ ಅರ್ಥ ಮಾಡುವಂತಿಲ್ಲ, ಅದನ್ನು ಕೋರ್ಟೇ ಹೇಳಬೇಕು. ನಿದ್ದೆ ಬರುವುದಿಲ್ಲ ಅಂತ ಕೌನ್ಸೆಲಿಂಗ್‌ಗೆ ಹೋದವರ ಮೇಲೆ ಯಾರಾದರೂ ಅದನ್ನೇ ಅಸ್ತ್ರ ಮಾಡಿಕೊಳ್ಳಬಹುದು ಎಂಬ ಭಯ ಮದುವೆಯಾದ ಹೆಣ್ಣುಮಕ್ಕಳಲ್ಲಿ ತುಂಬ ಇದೆ. ಆ ಭಯ ನಿಮ್ಮನ್ನು ಬಾಗಿಲಲ್ಲೇ ತಡೆಯಬಾರದು ಅಂತ ಇಷ್ಟು ಬರೆದೆ.

ಗಂಡನಿಗೆ ಹೇಳಬೇಕಾ? ಹೇಳಲೇಬೇಕು ಅಂತ ನಿಯಮ ಇಲ್ಲ. ಯಾವಾಗ, ಹೇಗೆ ಹೇಳುವುದು ಅನ್ನುವುದನ್ನೇ ಎರಡನೆಯ ಭೇಟಿಯ ವಿಷಯ ಮಾಡಿಕೊಳ್ಳಬಹುದು. ಮುಂದೆ ಯಾವತ್ತಾದರೂ ಕೌನ್ಸೆಲರ್ 'ಅವರನ್ನೂ ಒಂದು ದಿನ ಕರೆದುಕೊಂಡು ಬನ್ನಿ' ಅಂದರೆ, ಒಪ್ಪುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆದರೆ ತುಂಬ ದಿನ ಸುಳ್ಳು ಹೇಳಿಕೊಂಡು ಬರುವುದೇ ಒಂದು ಭಾರ. ನಿಮ್ಮ ಮನೆಯ ಹವಾ ನಿಮಗೇ ಗೊತ್ತು.

ಇನ್ನು ಎದುರು ಕೂತವರು ಯಾರು ಅನ್ನುವುದು. ಇದು ಬಹಳ ಮುಖ್ಯ. ನಮ್ಮಲ್ಲಿ ಕೌನ್ಸೆಲರ್ ಅಂತ ಬೋರ್ಡು ಹಾಕಿಕೊಳ್ಳುವುದು ಸುಲಭ. ಆರು ವಾರದ ಆನ್‌ಲೈನ್ ಕೋರ್ಸು ಮಾಡಿದವರೂ ಹಾಕಿಕೊಳ್ಳುತ್ತಾರೆ, ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಕೇಳಿ: ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು, ನನ್ನಂಥ ತೊಂದರೆ ಇರುವವರ ಜೊತೆ ಕೆಲಸ ಮಾಡಿದ್ದೀರಾ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ನಂಬರು ಇರಬೇಕು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಕೌನ್ಸೆಲರುಗಳು ಸಾಮಾನ್ಯವಾಗಿ ಸೈಕಾಲಜಿಯಲ್ಲೋ ಕೌನ್ಸೆಲಿಂಗ್‌ನಲ್ಲೋ ಸಮಾಜಕಾರ್ಯದಲ್ಲೋ ಎಂ.ಎ., ಎಂ.ಎಸ್ಸಿ., ಎಂ.ಎಸ್.ಡಬ್ಲ್ಯೂ. ಮಾಡಿರುತ್ತಾರೆ. ಈ ಪ್ರಶ್ನೆಗೆ ಸಿಟ್ಟಾಗುವವರ ಹತ್ತಿರ ಎರಡನೆಯ ಸಲ ಹೋಗಬೇಡಿ. 'ಮೂರೇ ಸೆಷನ್‌ನಲ್ಲಿ ಸರಿ ಮಾಡ್ತೀನಿ' ಅನ್ನುವವರು, ಮೊದಲ ದಿನವೇ ಇಪ್ಪತ್ತು ಸೆಷನ್ನಿನ ದುಡ್ಡು ಕಟ್ಟಿ ಅನ್ನುವವರು, ಜಾತಕ ತೋರಿಸಿ ಅನ್ನುವವರು, 'ಹೊಂದಿಕೊಂಡು ಹೋಗಮ್ಮ' ಅಂತ ಅತ್ತೆಯ ಹಾಗೆ ಬುದ್ಧಿ ಹೇಳುವವರು, ಇವರ ಹತ್ತಿರವೂ ಅಷ್ಟೇ.

ಮಾತ್ರೆಯ ವಿಷಯ. ಕೌನ್ಸೆಲರಾಗಲಿ ಕ್ಲಿನಿಕಲ್ ಸೈಕಾಲಜಿಸ್ಟಾಗಲಿ ಮಾತ್ರೆ ಬರೆಯುವಂತಿಲ್ಲ. ಶನಿವಾರ ನಿಮ್ಮ ಕೈಗೆ ಚೀಟಿ ಕೊಡುವುದಿಲ್ಲ. ಊಟವೇ ಸೇರದೆ ತೂಕ ಇಳಿಯುತ್ತಿದ್ದರೆ, ಕೆಲಸಕ್ಕೆ ಹೋಗಲು ಆಗದಷ್ಟು ಆಗಿದ್ದರೆ, ಸಾಯುವ ಯೋಚನೆ ಇದ್ದರೆ ಸೈಕಿಯಾಟ್ರಿಸ್ಟ್ ಹತ್ತಿರ ಒಂದು ಸಲ ತೋರಿಸಿ ಅನ್ನಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ. ಮಾತುಕತೆ, ಮಾತ್ರೆ ಎರಡೂ ಜೊತೆಯಲ್ಲಿ ನಡೆದರೆ ಕೆಲವರಿಗೆ ಜಾಸ್ತಿ ಅನುಕೂಲ. ಖಿನ್ನತೆಗೆ ಕೊಡುವ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಡುವೆ ತಾವೇ ನಿಲ್ಲಿಸಬಾರದು. ಇದರ ಜೊತೆ ನನ್ನದೊಂದು ಸಲಹೆ: ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದಾಗಲೂ ಸುಸ್ತು, ಬೇಸರ, ಅಳು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಸಿಗುವ ಕಾರಣಕ್ಕೆ ತಿಂಗಳುಗಟ್ಟಲೆ ಮನಸ್ಸನ್ನು ಕೆದಕುತ್ತಾ ಕೂರಬಾರದು, ಅಲ್ವಾ?

ದುಡ್ಡಿನ ಬಗ್ಗೆ ಮುಜುಗರ ಬೇಡ, ಮೊದಲೇ ಕೇಳಿ. ಫೀಸು ಊರಿಂದ ಊರಿಗೆ, ಸೆಂಟರಿನಿಂದ ಸೆಂಟರಿಗೆ ತುಂಬ ಬದಲಾಗುತ್ತದೆ. ಭರಿಸಲು ಕಷ್ಟ ಅಂತ ಬಾಯಿಬಿಟ್ಟು ಹೇಳಿದರೆ ಕಡಿಮೆ ಮಾಡುವವರಿದ್ದಾರೆ. ವಾರಕ್ಕೊಂದು ಸಲ ಅಂದರೆ ತಿಂಗಳಿಗೆ ನಾಲ್ಕು, ಆ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಬರಲಾಗದಿದ್ದರೆ ಎಷ್ಟು ಗಂಟೆ ಮುಂಚೆ ಹೇಳಬೇಕು ಅಂತಲೂ ಕೇಳಿ. ಬಹಳ ಕಡೆ 24 ಗಂಟೆ ಮುಂಚೆ ಹೇಳದಿದ್ದರೆ ಫೀಸು ಕಟ್ಟಬೇಕಾಗುತ್ತದೆ. ಆರೋಗ್ಯ ವಿಮೆಯವರು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು ಅಂತ ಆ 2017ರ ಕಾಯ್ದೆಯಲ್ಲೇ ಇದೆ. ಆದರೆ ಆಸ್ಪತ್ರೆಗೆ ಸೇರದೆ ಬರೀ ಸೆಷನ್ನಿಗೆ ಹೋದರೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ. ಖಾಸಗಿ ಫೀಸು ಆಗದವರಿಗೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸಿಗುತ್ತದೆ. ದೇಶಕ್ಕೆಲ್ಲ 1996ರಲ್ಲಿ ಬಂದ ಆ ಕಾರ್ಯಕ್ರಮವನ್ನು ನಿಮ್ಹಾನ್ಸ್ ಮೊದಲು ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ.

ಭೇಟಿ ಮುಗಿದ ಮೇಲೆ ಹಗುರ ಅನ್ನಿಸಬಹುದು. ತಲೆ ಧಿಂ ಅಂದು ಇನ್ನೂ ಭಾರವೂ ಅನ್ನಿಸಬಹುದು. ಇಷ್ಟು ದಿನ ಅದುಮಿಟ್ಟದ್ದನ್ನು ಹೊರತೆಗೆದ ದಿನ ಮನಸ್ಸು ಕಲಕುವುದು ಮಾಮೂಲು. ಸೀದಾ ಮನೆಗೆ ಹೋಗಿ ಒಲೆ ಹಚ್ಚಬೇಡಿ. ಅರ್ಧ ಗಂಟೆ ಕುಕ್ಕರಹಳ್ಳಿ ಕೆರೆಯ ಕಡೆ ನಡೆದು, ಕಾಫಿ ಕುಡಿದು ಹೋಗಿ. ಆ ದಿನವೇ ದೊಡ್ಡ ತೀರ್ಮಾನ ಯಾವುದನ್ನೂ ಮಾಡಬೇಡಿ. ಕೆಲಸ ಬಿಡುತ್ತೇನೆ, ತವರಿಗೆ ಹೋಗುತ್ತೇನೆ ಅನ್ನುವುದು ಮುಂದಿನ ವಾರಕ್ಕಿರಲಿ.

ಎರಡನೆಯ, ಮೂರನೆಯ ಭೇಟಿಯ ಹೊತ್ತಿಗೆ 'ನಾವು ಯಾವುದರ ಮೇಲೆ ಕೆಲಸ ಮಾಡುತ್ತಿದ್ದೇವೆ?' ಅಂತ ಕೇಳಿದರೆ ಕೌನ್ಸೆಲರ್ ಎರಡು ಸಾಲಿನಲ್ಲಿ ಹೇಳಬಲ್ಲವರಾಗಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಬರೆದ ಒಂದು ಲೇಖನವನ್ನು ನಮ್ಮ ಕಸುಬಿನವರೆಲ್ಲ ಓದುತ್ತೇವೆ. ಎಲ್ಲಿಗೆ ಮುಟ್ಟಬೇಕು ಅನ್ನುವುದರಲ್ಲಿ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವೆ ನಂಬಿಕೆ, ಈ ಮೂರೂ ಇದ್ದರೆ ಕೆಲಸ ಸಾಗುತ್ತದೆ ಅನ್ನುವುದು ಅದರ ಸಾರ. ಆಮೇಲಿನ ಎಷ್ಟೋ ಅಧ್ಯಯನಗಳೂ ಅದನ್ನೇ ಹೇಳಿವೆ. ನಿಮ್ಮ ವಿಷಯದಲ್ಲಿ ಗುರಿ ಅಂದರೆ 'ವಾರದಲ್ಲಿ ನಾಲ್ಕು ದಿನವಾದರೂ ಬೆಳಿಗ್ಗೆ ಐದು ಗಂಟೆವರೆಗೆ ನಿದ್ದೆ' ಅನ್ನುವಂಥ ಸಣ್ಣದೇ ಇರಬಹುದು. ಮಾಡುವ ಕೆಲಸ ಅಂದರೆ, ಮೂರು ಗಂಟೆಗೆ ಎಚ್ಚರವಾದಾಗ ಬಂದ ಯೋಚನೆಯನ್ನು ಬೆಳಿಗ್ಗೆ ಒಂದು ನೋಟ್ ಪುಸ್ತಕದಲ್ಲಿ ಬರೆಯುವುದು, ಬಿಟ್ಟುಹೋದ ಒಂದು ಇಷ್ಟದ ಕೆಲಸವನ್ನು ವಾರಕ್ಕೆರಡು ಸಲ ಮತ್ತೆ ಶುರು ಮಾಡುವುದು. ಯೋಚನೆ, ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಪದ್ಧತಿಯಲ್ಲಿ ಇಂಥ ಮನೆಗೆಲಸ ಜಾಸ್ತಿ. ಖಿನ್ನತೆಗೆ ಅದನ್ನು ಸಾಮಾನ್ಯವಾಗಿ 12ರಿಂದ 20 ಸೆಷನ್ ಮಾಡುತ್ತಾರೆ. ಅಗಲಿಕೆಯ ದುಃಖದ ಕೆಲಸಕ್ಕೆ ಹೀಗೆ ಲೆಕ್ಕ ಹಾಕುವುದು ಕಷ್ಟ.

ಮೂರ್ನಾಲ್ಕು ಸಲ ಹೋದ ಮೇಲೂ ಸರಿ ಅನ್ನಿಸದಿದ್ದರೆ? ಮೊದಲು ಅವರಿಗೇ ಹೇಳಿ ನೋಡಿ. 'ಹೋದ ವಾರ ನೀವು ಅಂದ ಮಾತು ನನಗೆ ಬೇಜಾರಾಯಿತು', 'ನೀವೇ ಜಾಸ್ತಿ ಮಾತಾಡ್ತೀರಿ' ಅಂತ. ಹೇಳಲು ಧೈರ್ಯ ಬೇಕು, ನನಗೆ ಗೊತ್ತು. ಒಳ್ಳೆಯ ಕೌನ್ಸೆಲರ್ ಅದನ್ನು ಕೇಳಿ ತಮ್ಮ ದಾರಿ ಬದಲಿಸಿಕೊಳ್ಳುತ್ತಾರೆ. ಎಷ್ಟೋ ಸಲ ನಿಜವಾದ ಕೆಲಸ ಶುರುವಾಗುವುದೇ ಆ ಮಾತಿನ ನಂತರ. ಅಷ್ಟಾದ ಮೇಲೂ ಹೊಂದದಿದ್ದರೆ ಬೇರೆಯವರ ಹತ್ತಿರ ಹೋಗಿ. ಬಿಡುವಾಗ ಕಾರಣ ಕೊಡಬೇಕಾಗಿಲ್ಲ, 'ಸಾಕು, ನಿಲ್ಲಿಸುತ್ತೇನೆ' ಅಂದರೆ ಮುಗಿಯಿತು. ನಿಮ್ಮ ಪ್ರಶ್ನೆಪಟ್ಟಿಯ ಅಂಕ, ಇಲ್ಲಿಯ ತನಕ ಮಾಡಿದ ಕೆಲಸ ಇವುಗಳ ಬಗ್ಗೆ ಒಂದು ಪುಟದ ಸಾರಾಂಶ ಬರೆದುಕೊಡಿ ಅಂತ ಕೇಳಿ ತೆಗೆದುಕೊಳ್ಳಿ. ಹೊಸಬರ ಎದುರು ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ಸ್ವಲ್ಪ ತಪ್ಪುತ್ತದೆ.